ಮುಳ್ಳು ಮೇಸ್ತ್ರಿ ಬಿಚ್ಚದೆ ಬಿಟ್ಟ ಬೆಂಡು

ಈ ಲೋಕದಲ್ಲಿ ಕೆಲಸ ಬಲ್ಲವರು ಇಬ್ಬರೇ: ಒಬ್ಬರು ತೀರಿಹೋದ ತನ್ನ ಗುರುಗಳು, ಇನ್ನೊಬ್ಬ ತಾನು. ಮುಳ್ಳು ಮೇಸ್ತ್ರಿಯ ಲೆಕ್ಕ ಇಷ್ಟು ಸರಳವಾಗಿತ್ತು. ಉಳಿದವರೆಲ್ಲ ಹೊಟ್ಟೆಪಾಡಿಗೆ ಸ್ಪ್ಯಾನರ್ ಹಿಡಿದವರು. ಈ ಲೆಕ್ಕದ ಬಗ್ಗೆ ಅವನಿಗೆ ಒಂದು ದಿನವೂ ಅನುಮಾನ ಬಂದಿರಲಿಲ್ಲ. ಅನುಮಾನಕ್ಕೆ ಬೇಕಾದ ಜಾಗವನ್ನೇ ಅವನು ತಲೆಯಲ್ಲಿ ಇಟ್ಟುಕೊಂಡಿರಲಿಲ್ಲ.

ಗ್ಯಾರೇಜುಗಳ ಸಾಲಿನ ಕೊನೆಯಲ್ಲಿ ಅವನ ಶೆಡ್ಡು. ಒಂದು ಗಾಡಿ ಒಳಗೆ ಬಂದರೆ ಇನ್ನೊಂದು ಬೀದಿಯಲ್ಲೇ ನಿಲ್ಲಬೇಕು. ಗೋಡೆಗೆ ಒತ್ತಿ ನಿಂತ ಗಾಜಿನ ಬೀರುವಿನಲ್ಲಿ ಸತ್ತ ಮೀಟರುಗಳು ಸಾಲಾಗಿ ಮಲಗಿದ್ದವು. ಟ್ಯೂಬ್‌ಲೈಟಿನ ಕೆಳಗೆ ಒಂದು ಮರದ ಮೇಜು, ಅದರ ಮೇಲೆ ಗಡಿಯಾರ ರಿಪೇರಿಯವರು ಕಣ್ಣಿಗೆ ಸಿಕ್ಕಿಸಿಕೊಳ್ಳುವಂಥ ಭೂತಗನ್ನಡಿ. ಹಳೆಯ ಕಾರುಗಳ ಡ್ಯಾಶ್‌ಬೋರ್ಡಿನಲ್ಲಿ ಸ್ಪೀಡು, ಆಯಿಲು, ಪೆಟ್ರೋಲು ತೋರಿಸುವ ಮುಳ್ಳುಗಳನ್ನು ಸರಿ ಮಾಡುವುದು ಅವನ ಕಸುಬು. ಅದಕ್ಕೇ ಆ ಹೆಸರು ಅಂಟಿಕೊಂಡಿತ್ತು. ಅಪ್ಪ ಅಮ್ಮ ಇಟ್ಟದ್ದನ್ನು ಹೆಂಡತಿಯೂ ಮರೆತಂತಿದ್ದಳು. ಹೊಸ ಕಾರುಗಳನ್ನು ಅವನು ಮುಟ್ಟುತ್ತಿರಲಿಲ್ಲ. "ಅದು ಗಾಡಿಯಲ್ಲ, ಟಿವಿಗೆ ನಾಲ್ಕು ಚಕ್ರ ಹಾಕಿದಾರೆ ಅಷ್ಟೆ" ಎಂದು ಹೇಳಿ ವಾಪಸು ಕಳಿಸುತ್ತಿದ್ದ.

ಅವನು ಹಂಗಿಸದ ಮನುಷ್ಯ ಆ ಬೀದಿಯಲ್ಲಿ ಇರಲಿಲ್ಲ. ಎದುರಿನ ಬ್ಯಾಟರಿ ಅಂಗಡಿಯವನು ನೀರು ಮಾರುವವನು. ಸ್ಪೇರ್‌ಪಾರ್ಟ್ಸ್ ಅಂಗಡಿಯವನು ಪೊಟ್ಟಣ ಕಟ್ಟುವವನು. ಪಕ್ಕದ ಗ್ಯಾರೇಜಿನ ಮೆಕ್ಯಾನಿಕ್ಕುಗಳು ಒಂದನ್ನು ಬಿಚ್ಚಿ ಎಸೆದು ಅದೇ ಜಾಗಕ್ಕೆ ಇನ್ನೊಂದನ್ನು ತುರುಕುವವರು. ಇವರೆಲ್ಲರಿಗಿಂತ ಕೀಳು ಎಂದರೆ ಹಳೆ ಗಾಡಿ ಸಾಕುವ ದೊಡ್ಡ ಮನುಷ್ಯರು. ದಿನಾ ಮೆತ್ತನೆ ಬಟ್ಟೆಯಲ್ಲಿ ಬಾನೆಟ್ ಒರೆಸುತ್ತಾರೆ, ಭಾನುವಾರ ಬೆಳಿಗ್ಗೆ ಒಂದು ಸುತ್ತು ಹೊಡೆದು ಫೋಟೋ ಹಿಡಿಸಿಕೊಳ್ಳುತ್ತಾರೆ, ಟ್ಯಾಂಕು ಎಲ್ಲಿದೆ ಎಂದು ಕೇಳಿದರೆ ಬೆಬ್ಬೆಬ್ಬೆ ಅನ್ನುತ್ತಾರೆ. ಮಜಾ ಏನೆಂದರೆ ಅವನ ಒಲೆ ಉರಿಯುತ್ತಿದ್ದದ್ದು ಈ ಬೆಬ್ಬೆಬ್ಬೆಗಳಿಂದಲೇ. ಅದನ್ನು ಯಾರಾದರೂ ಎತ್ತಿ ಆಡಿದರೆ ಅವನಿಗೆ ಮೈಯೆಲ್ಲಾ ಉರಿಯುತ್ತಿತ್ತು.

ಗುರುಗಳ ವಿಷಯಕ್ಕೆ ಬಂದರೆ ಮಾತ್ರ ಅವನ ದನಿ ತಗ್ಗುತ್ತಿತ್ತು. ಹನ್ನೊಂದು ವರ್ಷ ಅವರ ಕೈಕೆಳಗೆ ಬೈಸಿಕೊಂಡು ಕಲಿತವನು. ಹಳೆ ಗಾಡಿಗಳ ಪೆಟ್ರೋಲ್ ಟ್ಯಾಂಕಿನೊಳಗೆ ಒಂದು ತಂತಿಯ ಕೈ ಇರುತ್ತದೆ, ಅದರ ತುದಿಗೆ ಒಂದು ಬೆಂಡು. ಪೆಟ್ರೋಲು ಏರಿದರೆ ಬೆಂಡು ತೇಲಿ ಏರುತ್ತದೆ, ಇಳಿದರೆ ಇಳಿಯುತ್ತದೆ. ಮುಂದೆ ಡ್ಯಾಶ್‌ಬೋರ್ಡಿನಲ್ಲಿ ಮುಳ್ಳು ಅದಕ್ಕೆ ತಕ್ಕ ಹಾಗೆ ಆಡುತ್ತದೆ. ಬರಿಯ ಬೆಂಡು ಪೆಟ್ರೋಲು ಕುಡಿದು ಭಾರವಾಗುತ್ತದೆಂದು ಗುರುಗಳು ಅದಕ್ಕೆ ಅರಗು ಬಳಿಯುತ್ತಿದ್ದರು. ಅರಗಿನ ಚಕ್ಕೆಗಳನ್ನು ಸ್ಪಿರಿಟ್ಟಿನಲ್ಲಿ ಕರಗಿಸಬೇಕು, ಮೂರು ಕೋಟ್ ಬಳಿಯಬೇಕು, ಒಂದೊಂದು ಕೋಟೂ ಪೂರ್ತಿ ಒಣಗಬೇಕು. ಪೇಟೆಯಲ್ಲಿ ಹಿತ್ತಾಳೆಯ ಟೊಳ್ಳು ಗುಂಡುಗಳು ಬಂದು ಎಷ್ಟೋ ಕಾಲವಾಗಿತ್ತು. ಮೇಸ್ತ್ರಿ ಅವನ್ನು ಗಿಲಕಿ ಎಂದು ಕರೆಯುತ್ತಿದ್ದ.

ಇಂಥವನ ಒಬ್ಬಳೇ ಮಗಳು ಮೆಚ್ಚಿ ಮದುವೆಯಾದದ್ದು ಪೆಟ್ರೋಲ್ ಬಂಕಿನಲ್ಲಿ ಪೈಪು ಹಿಡಿಯುವವನನ್ನು. ಹುಡುಗ ಒಳ್ಳೆಯವನು, ಕುಡಿತವಿಲ್ಲ, ಸೇದುವುದಿಲ್ಲ, ತಗ್ಗಿ ಬಗ್ಗಿ ನಡೆಯುವವನು ಎಂದು ಹೆಂಡತಿ ಹೇಳಿ ಹೇಳಿ ಸೋತಳು. "ಕೈಯಲ್ಲಿ ಕಸುಬಿಲ್ಲದವನಿಗೆ ತಗ್ಗೋದು ಬಗ್ಗೋದು ಬಿಟ್ಟು ಇನ್ನೇನು ಗೊತ್ತಿರತ್ತೆ?" ಎಂದ ಮೇಸ್ತ್ರಿ. ಮದುವೆಗೆ ಹೋದ, ಊಟ ಮಾಡದೆ ಎದ್ದು ಬಂದ. ಆಮೇಲೆ ಆರು ವರ್ಷ ಅಳಿಯನೊಡನೆ ನೇರವಾಗಿ ಒಂದು ಮಾತಾಡಲಿಲ್ಲ. ಬಂಕು ಇದ್ದದ್ದು ಎರಡು ಬೀದಿ ಆಚೆ. ಅದರ ಮುಂದೆ ಹಾದು ಹೋಗುವುದನ್ನೂ ಬಿಟ್ಟು ಸೈಕಲ್ಲನ್ನು ಸುತ್ತು ದಾರಿಯಲ್ಲಿ ತುಳಿಯುತ್ತಿದ್ದ. ಈ ಆರು ವರ್ಷದಲ್ಲಿ ಅಳಿಯ ಪೈಪು ಬಿಟ್ಟು ಸೂಪರ್‌ವೈಸರ್ ಆಗಿದ್ದ. ಆ ಸುದ್ದಿ ತಂದ ಹೆಂಡತಿಗೆ, "ಪೈಪು ಉದ್ದ ಆಯ್ತು ಅನ್ನು" ಎಂದು ಹೇಳಿ ಮೇಸ್ತ್ರಿ ಹಲ್ಲು ಕಿರಿದಿದ್ದ.

ದೊಡ್ಡ ಹುದ್ದೆಯಿಂದ ನಿವೃತ್ತರಾದ ಒಬ್ಬ ಸಾಹೇಬರು ಆ ಬಡಾವಣೆಯಲ್ಲಿದ್ದರು. ಅವರ ಅಪ್ಪನ ಕಾಲದ ಬೂದು ಬಣ್ಣದ ಕಾರಿಗೆ ಅರವತ್ತು ದಾಟಿತ್ತು. ಒಂದು ದಿನ ಅದನ್ನು ತಂದು ಶೆಡ್ಡಿನಲ್ಲಿ ಬಿಟ್ಟು, ಪೆಟ್ರೋಲಿನ ಮುಳ್ಳು ಸತ್ತಿದೆ ಎಂದರು. ಮೇಸ್ತ್ರಿ ಡಿಕ್ಕಿಯೊಳಗೆ ತಲೆ ತೂರಿಸಿ, ಟ್ಯಾಂಕಿನ ಮೇಲಿನ ವೈರು ಬಿಚ್ಚಿ, ಅದರ ತುದಿಯನ್ನು ಗಾಡಿಯ ಲೋಹದ ಮೈಗೆ ತಾಗಿಸಿದ. ಮುಂದೆ ಮುಳ್ಳು ನಿಧಾನವಾಗಿ ಏರಿ ಫುಲ್ ಎಂಬಲ್ಲಿ ನಿಂತಿತು. ಅಂದರೆ ಮೀಟರು ಸರಿ, ವೈರು ಸರಿ, ತೊಂದರೆ ಟ್ಯಾಂಕಿನೊಳಗೆ. ಆರು ಸ್ಕ್ರೂ ತೆಗೆದು ತಂತಿಯ ಕೈ ಹೊರಗೆಳೆದರೆ ಹಳೆಯ ಬೆಂಡು ಪುಡಿಪುಡಿಯಾಗಿತ್ತು. ಹೊಸದು ಕೊಯ್ದು, ಗುರುಗಳನ್ನು ನೆನೆದು, ಮೂರು ಕೋಟ್ ಅರಗು ಬಳಿದು ಹಾಕಿದ. ಮುಳ್ಳು ಕೂದಲೆಳೆಯಷ್ಟೂ ಆಚೀಚೆಯಾಗದೆ ನಿಂತಿತು. ಸಾಹೇಬರು ಬೆನ್ನು ತಟ್ಟಿದರು. ಬೆನ್ನು ತಟ್ಟಿಸಿಕೊಳ್ಳುವಾಗಲೂ ಇವರಿಗೇನು ಗೊತ್ತು ಮಣ್ಣು ಎಂದೇ ಅವನು ಒಳಗೊಳಗೆ ಅಂದುಕೊಂಡ.

ಎರಡು ತಿಂಗಳಾಗಿತ್ತು. ಸಾಹೇಬರು ಮತ್ತೆ ಬಂದರು.

"ಮೇಸ್ತ್ರಿ, ಯಾಕೋ ಲೆಕ್ಕ ತಪ್ತಿದೆ. ನಾನು ಪ್ರತಿ ಸಲ ಟ್ಯಾಂಕು ಖಾಲಿಗೆ ಬಂದಾಗ ಇಪ್ಪತ್ತು ಲೀಟರ್ ಹಾಕಿಸ್ತೀನಿ. ಮೊದಲು ಸರಿಯಾಗಿ ಅರ್ಧಕ್ಕೆ ಬರ್ತಿತ್ತು. ಈಗ ಕಾಲು ಭಾಗ ದಾಟೋದೇ ಕಷ್ಟ."

ಮೇಸ್ತ್ರಿ ಹುಬ್ಬು ಗಂಟಿಕ್ಕಿ ಡಿಕ್ಕಿ ತೆಗೆದ. ವೈರು ಬಿಚ್ಚಿ ಗಾಡಿಯ ಮೈಗೆ ತಾಗಿಸಿದ. ಮುಳ್ಳು ಫುಲ್ಲಿಗೆ ಹೋಯಿತು. ಟ್ಯಾಂಕಿನ ಅರ್ತಿಂಗ್ ನೋಡಿದ, ಸರಿಯಿತ್ತು. ವೈರನ್ನು ಉದ್ದಕ್ಕೂ ಬೆರಳಲ್ಲಿ ತಡವಿ ನೋಡಿದ, ಎಲ್ಲೂ ತುಂಡಾಗಿರಲಿಲ್ಲ. ಉಳಿದದ್ದು ಒಂದೇ, ಟ್ಯಾಂಕಿನೊಳಗಿನ ಬೆಂಡು. ಆರೇ ಆರು ಸ್ಕ್ರೂ. ಬೇರೆ ಯಾರು ಮಾಡಿದ ಬೆಂಡಾಗಿದ್ದರೂ ಅವನು ಕಣ್ಣು ಮುಚ್ಚಿ ಬಿಚ್ಚುತ್ತಿದ್ದ. ಇದು ತಾನು ಮಾಡಿದ್ದು, ಗುರುಗಳು ಹೇಳಿಕೊಟ್ಟಂತೆ ಮಾಡಿದ್ದು. ಅದನ್ನು ಬಿಚ್ಚಿ ನೋಡುವುದೆಂದರೆ ಗುರುಗಳ ಗಡ್ಡಕ್ಕೆ ಕೈ ಹಾಕಿದ ಹಾಗೆ. ಸ್ಕ್ರೂಡ್ರೈವರನ್ನು ಜೇಬಿಗೆ ಸೇರಿಸಿದ.

"ಎಲ್ಲಿ ಹಾಕಿಸ್ತೀರಿ ಪೆಟ್ರೋಲು?"

ಸಾಹೇಬರು ಹೇಳಿದ್ದು ಅದೇ ಬಂಕು. ಮೇಸ್ತ್ರಿಯ ಮುಖ ಒಮ್ಮೆಲೇ ಅರಳಿದ್ದನ್ನು ಅವರು ಗಮನಿಸಲಿಲ್ಲ.

"ಹಾಗೆ ಹೇಳಿ ಮತ್ತೆ! ಮೊದಲೇ ಹೇಳಿದ್ರೆ ನಾನು ಡಿಕ್ಕಿಗೆ ತಲೆ ಹಾಕೋದೂ ತಪ್ತಿತ್ತು. ಅಲ್ಲಿ ನಿಮಗೆ ಇಪ್ಪತ್ತು ಅಂತ ತೋರಿಸಿ ಹನ್ನೊಂದು ಹಾಕ್ತಿದಾರೆ ಸಾಹೇಬ್ರೇ. ನನ್ನ ಮುಳ್ಳು ಸುಳ್ಳು ಹೇಳಲ್ಲ."

"ಆದ್ರೆ ಗಾಡಿ ಓಡೋದರಲ್ಲಿ ಏನೂ ಕಡಿಮೆ ಆದ ಹಾಗಿಲ್ವಲ್ಲ?"

"ಹಳೇ ಎಂಜಿನ್ನು, ವಾಸನೆ ಮೇಲೇ ಓಡತ್ತೆ. ನೀವು ಆ ಸೂಪರ್‌ವೈಸರ್ ಅಂತ ಒಬ್ಬ ಇದಾನಲ್ಲ, ಅವನನ್ನ ಹಿಡ್ಕೊಳ್ಳಿ. ಎಲ್ಲಾ ಅವನ ಕೈಚಳಕ."

ಆ ಸೂಪರ್‌ವೈಸರ್ ತನಗೆ ಏನಾಗಬೇಕು ಎಂದು ಮೇಸ್ತ್ರಿ ಹೇಳಲಿಲ್ಲ. ಹೇಳುವುದಿರಲಿ, ಆ ನಂಟನ್ನು ಅವನು ಬಾಯಿಬಿಟ್ಟು ಯಾರಿಗೂ ಹೇಳಿದವನಲ್ಲ. ಆ ದಿನ ಸಂಜೆಯವರೆಗೆ ಸಿಳ್ಳೆ ಹಾಕುತ್ತ ಕೆಲಸ ಮಾಡಿದ. ಆರು ವರ್ಷದಿಂದ ಅಳಿಯನ ಮೇಲೆ ಒಂದು ತಪ್ಪು ಹುಡುಕುತ್ತಿದ್ದವನಿಗೆ ಅದು ಕಾಲಿಗೇ ತೊಡರಿತ್ತು. ನಿಜವೋ ಸುಳ್ಳೋ ಎಂದು ತಿರುಗಿಸಿ ನೋಡುವಷ್ಟು ವ್ಯವಧಾನ ಯಾರಿಗಿದೆ?

ಸಾಹೇಬರು ಹುದ್ದೆ ಬಿಟ್ಟಿದ್ದರೂ ಹುದ್ದೆಯ ಗತ್ತು ಬಿಟ್ಟಿರಲಿಲ್ಲ. ಎರಡು ಹಾಳೆ ತುಂಬ ದೂರು ಬರೆದು ಬಂಕಿನ ಮಾಲೀಕನ ಮೇಜಿನ ಮೇಲೆ ಇಟ್ಟರು. ಮಾಲೀಕ ಹೆದರಿದ. ಗುರುವಾರ ಹನ್ನೊಂದು ಗಂಟೆಗೆ ಎಲ್ಲರೂ ಕೂತು ತೀರ್ಮಾನ ಮಾಡೋಣ, ಆರೋಪ ನಿಜವಾದರೆ ಸೂಪರ್‌ವೈಸರನನ್ನು ಅವತ್ತೇ ಮನೆಗೆ ಕಳಿಸುತ್ತೇನೆ ಎಂದ. ಅಳತೆಯಲ್ಲಿ ಮೋಸ ಮಾಡಿದವನೆಂದು ಒಂದು ಬಂಕಿನಿಂದ ಹೊರಬಿದ್ದವನನ್ನು ಇನ್ನಾವ ಬಂಕೂ ಹತ್ತಿರ ಸೇರಿಸುವುದಿಲ್ಲ. ಸಾಹೇಬರು ಸಾಕ್ಷಿಗೆಂದು ಬುಧವಾರವೇ ಗಾಡಿಯನ್ನು ಮೇಸ್ತ್ರಿಯ ಶೆಡ್ಡಿಗೆ ತಂದು ಬಿಟ್ಟು, ನಾಳೆ ಅದರಲ್ಲೇ ಬನ್ನಿ ಎಂದು ಹೇಳಿ ಹೋದರು.

ಗುರುವಾರ ಬೆಳಿಗ್ಗೆ ಮೇಸ್ತ್ರಿ ತಿಂಡಿಗೆ ಕೂತಾಗ ಹೆಂಡತಿ ತಟ್ಟೆ ಇಟ್ಟಳು, ಹಾಕಲಿಲ್ಲ.

"ದೂರು ಕೊಟ್ಟಿದ್ದು ಸಾಹೇಬರಂತೆ. ಕಿವಿ ಊದಿದ್ದು ಯಾರು?"

"ಯಾರಾದ್ರೇನು? ಕಳ್ಳನ್ನ ಕಳ್ಳ ಅನ್ನೋಕೆ ಯಾರ ಅಪ್ಪಣೆ ಬೇಕು?"

"ಮಗಳು ಅನ್ನ ನೀರು ಬಿಟ್ಟು ಕೂತಿದಾಳೆ. ಇವತ್ತು ಅಳಿಯಂದಿರ ಕೆಲಸ ಹೋದ್ರೆ ಅವಳು ಈ ಮನೆ ಹೊಸಿಲು ತುಳಿಯಲ್ಲ. ಅವಳು ಬಾರದ ಮನೇಲಿ ನಾನೂ ಇರಲ್ಲ, ಬರೆದಿಟ್ಕೊಳ್ಳಿ. ಒಂದು ಮಾತು ಕೇಳ್ತೀನಿ, ನಿಜ ಹೇಳಿ. ಆ ಟ್ಯಾಂಕು ಬಿಚ್ಚಿ ನೋಡಿದ್ರಾ?"

"ನಾನು ಹಾಕಿದ ಬೆಂಡು ಕಣೇ ಅದು."

"ನೀವೇ ಹಾಕಿದ್ದನ್ನ ನೀವೇ ಒಂದ್ಸಲ ಬಿಚ್ಚಿ ನೋಡಿದ್ರೆ ನಿಮ್ಮದೇನು ಗಂಟು ಹೋಗತ್ತೆ?"

ಮೂವತ್ತೆರಡು ವರ್ಷದಲ್ಲಿ ಅವಳು ಅವನ ಕೆಲಸದ ಬಗ್ಗೆ ಕೇಳಿದ ಮೊದಲ ಪ್ರಶ್ನೆ ಅದು. ಮೇಸ್ತ್ರಿ ಹಸಿದ ಹೊಟ್ಟೆಯಲ್ಲೇ ಎದ್ದು, ಬಿಚ್ಚೇ ತೋರಿಸುತ್ತೇನೆ, ಆಮೇಲೆ ಅಮ್ಮನೂ ಮಗಳೂ ಬಾಯಿ ಮುಚ್ಚಿಕೊಂಡು ಇರಿ ಎಂದು ಗೊಣಗುತ್ತ ಶೆಡ್ಡಿಗೆ ಹೋದ.

ಆರು ಸ್ಕ್ರೂ ತೆಗೆದು ತಂತಿಯ ಕೈಯನ್ನು ಮೇಲೆಳೆದ. ಬೆಂಡು ಕಪ್ಪಗಾಗಿತ್ತು. ಅಂಗೈಯಲ್ಲಿ ಇಟ್ಟುಕೊಂಡರೆ ನೆನೆದ ಬಟ್ಟೆಯಷ್ಟು ಭಾರ. ಹೆಬ್ಬೆರಳಲ್ಲಿ ಒತ್ತಿದರೆ ಪೆಟ್ರೋಲು ಜಿನುಗಿತು. ಅರಗು ಇರಲಿಲ್ಲ. ಮೂರು ಕೋಟಿನಲ್ಲಿ ಉಳಿದದ್ದು ತಂತಿ ಸೇರುವ ಸಂದಿಯಲ್ಲಿ ಒಂದಿಷ್ಟು ಕಂದು ಅಂಟು, ಅದು ಬೆರಳಿಗೆ ಹತ್ತಿಕೊಂಡಿತು. ಅರ್ಧ ಮುಳುಗಿ ತೇಲುವ ಇಂಥ ಬೆಂಡು ಇಪ್ಪತ್ತು ಲೀಟರನ್ನು ಹನ್ನೊಂದು ಎಂದು ತೋರಿಸದೆ ಇನ್ನೇನು ಮಾಡುತ್ತದೆ?

ತಪ್ಪು ತನ್ನದೇ ಎಂದು ಮೇಸ್ತ್ರಿಗೆ ಒಂದು ಕ್ಷಣ ಹೊಳೆಯಿತು. ಆದರೆ ಅಂಥವರ ಬುದ್ಧಿ ತಮ್ಮನ್ನು ತಾವು ಬಿಡಿಸಿಕೊಳ್ಳುವುದರಲ್ಲಿ ಬಹಳ ಚುರುಕು. ಅರಗನ್ನು ಪೆಟ್ರೋಲು ಕರಗಿಸುವುದಿಲ್ಲ. ಅರಗನ್ನು ಕರಗಿಸುವುದು ಸ್ಪಿರಿಟ್ಟು. ಅಂದರೆ ಈ ಪೆಟ್ರೋಲಿನಲ್ಲಿ ಸ್ಪಿರಿಟ್ಟಿದೆ! ಕಳ್ಳ ಅಳತೆಯಲ್ಲಿ ಮೋಸ ಮಾಡಿಲ್ಲ, ಮಾಲಿಗೇ ಕಲಬೆರಕೆ ಮಾಡಿದಾನೆ! ಮೇಸ್ತ್ರಿಗೆ ಹೋದ ಜೀವ ಬಂತು. ಎಲ್ಲವನ್ನೂ ಇದ್ದ ಹಾಗೇ ಟ್ಯಾಂಕಿಗೆ ಇಳಿಸಿ ಸ್ಕ್ರೂ ಬಿಗಿದು, ಅಂಟಿನ ಬೆರಳಲ್ಲೇ ಸ್ಟೇರಿಂಗ್ ಹಿಡಿದು, ಆರು ವರ್ಷದ ಮೇಲೆ ಮೊದಲ ಸಲ ಆ ಬಂಕಿನೊಳಕ್ಕೆ ಗಾಡಿ ನುಗ್ಗಿಸಿದ.

ಸಾಹೇಬರೂ ಮಾಲೀಕನೂ ಆಫೀಸಿನ ಒಳಗೆ ಕೂತಿದ್ದರು. ಹೊರಗೆ ಪಂಪಿನ ಪಕ್ಕ ಅಳಿಯ ಒಬ್ಬನೇ ನಿಂತಿದ್ದ. ನಿದ್ದೆಯಿಲ್ಲದ ಕಣ್ಣು, ಆದರೂ ಇಸ್ತ್ರಿ ಮಾಡಿದ ಯೂನಿಫಾರಂ. ಮೇಸ್ತ್ರಿ ಇಳಿದವನೇ ಗಾಳಿಗೆ ಹೇಳುವಂತೆ ಶುರು ಮಾಡಿದ; ಅಳಿಯನ ಮುಖ ನೋಡಿ ಮಾತಾಡುವ ಅಭ್ಯಾಸ ಅವನಿಗಿರಲಿಲ್ಲವಲ್ಲ.

"ಸ್ಪಿರಿಟ್ಟು ಬೆರೆಸ್ತಾರೆ! ನನ್ನ ಅರಗನ್ನೆಲ್ಲಾ ನೆಕ್ಕಿ ಹಾಕಿದೆ ಸ್ಪಿರಿಟ್ಟು! ಇವತ್ತು ಎಲ್ಲರ ಬಣ್ಣ ಬಯಲು ಮಾಡ್ತೀನಿ."

ಅಳಿಯ ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಮೇಸ್ತ್ರಿಗೆ ಎಷ್ಟೋ ಸುಲಭವಾಗುತ್ತಿತ್ತು.

"ಬೆರೆಸ್ತಾರೆ ಮಾವ. ನಾವಲ್ಲ, ಕಂಪನಿಯಿಂದಲೇ ಬೆರೆತು ಬರತ್ತೆ. ಎಲ್ಲಾ ಬಂಕಿನಲ್ಲೂ ಇದೇ ಬರೋದು, ವರ್ಷಗಳೇ ಆಯ್ತು. ಅಗೋ, ಬೋರ್ಡ್ ನೋಡಿ."

ಪಂಪಿನ ನೆತ್ತಿಯ ಮೇಲೆ ಅಂಗೈ ಅಗಲದ ಅಕ್ಷರದಲ್ಲಿ ಬರೆದಿತ್ತು: ಈ ಪೆಟ್ರೋಲಿನಲ್ಲಿ ಎಥನಾಲ್ ಬೆರೆತಿದೆ. ಬಿಸಿಲಿಗೆ ಬಣ್ಣ ಮಾಸುವಷ್ಟು ಹಳೆಯ ಬೋರ್ಡು.

"ಎಥನಾಲ್ ಅಂದ್ರೆ ಸ್ಪಿರಿಟ್ಟೇ" ಎಂದ ಅಳಿಯ. "ನೀವು ಅರಗು ಕರಗಿಸ್ತೀರಲ್ಲ, ಅದೇ ಜಾತೀದು."

ಬೀದಿಯ ಅಡ್ಡಕಸುಬಿಗಳೆಲ್ಲರಿಗೂ ಗೊತ್ತಿದ್ದದ್ದು, ನೀರು ಮಾರುವವನಿಗೂ ಪೊಟ್ಟಣ ಕಟ್ಟುವವನಿಗೂ ಗೊತ್ತಿದ್ದದ್ದು ಮುಳ್ಳು ಮೇಸ್ತ್ರಿಗೆ ಗೊತ್ತಿರಲಿಲ್ಲ. ಯಾರ ಬಾಯಿಂದ ಏನು ಬಂದರೂ ಕಿವಿಗೆ ಹಾಕಿಕೊಳ್ಳದವನಿಗೆ ಹೇಗೆ ಗೊತ್ತಾಗಬೇಕು? ಅರಗನ್ನು ಸ್ಪಿರಿಟ್ಟಿನಲ್ಲಿ ತನ್ನ ಕೈಯಾರೆ ಕರಗಿಸಿ, ಆ ಬೆಂಡನ್ನು ಒಯ್ದು ಸ್ಪಿರಿಟ್ಟಿನಲ್ಲೇ ಮುಳುಗಿಸಿ ಬಂದಿದ್ದ. ಗುರುಗಳದು ತಪ್ಪೆನ್ನುವ ಹಾಗೂ ಇಲ್ಲ. ಅವರ ಕಾಲದ ಪೆಟ್ರೋಲು ಬರಿಯ ಪೆಟ್ರೋಲಾಗಿತ್ತು. ಅವರಿದ್ದಿದ್ದರೆ ಮೊದಲ ದಿನವೇ ಬೋರ್ಡು ಓದಿ, ಅರಗಿನ ಡಬ್ಬಿಯನ್ನು ಮೋರಿಗೆ ಎಸೆಯುತ್ತಿದ್ದರು.

ಮೇಸ್ತ್ರಿ ಬೆರಳುಗಳನ್ನು ಪ್ಯಾಂಟಿಗೆ ಒರೆಸಿಕೊಂಡ. ಬೆಂಡಿನ ಗತಿ ಏನಾಗಿದೆ ಎಂದು ಗೊತ್ತಿರುವವರು ಇಡೀ ಊರಿನಲ್ಲಿ ಇಬ್ಬರೇ, ತಾನು ಮತ್ತು ಅಳಿಯ. ಒಳಗೆ ಹೋಗಿ ಮೊದಲು ಹೇಳಿದ್ದನ್ನೇ ಹೇಳಿದರೆ ಸಾಹೇಬರು ನಂಬುತ್ತಾರೆ. ಕೆಲಸ ಕಳೆದುಕೊಳ್ಳಲಿರುವವನ ಮಾತಿಗೆ ಯಾರು ಕಿವಿಗೊಡುತ್ತಾರೆ? ಆಮೇಲೆ ಶೆಡ್ಡಿನಲ್ಲಿ ಸದ್ದಿಲ್ಲದೆ ಬೆಂಡು ಬದಲಾಯಿಸಿದರೆ ಮುಗಿಯಿತು, ಹೆಸರು ಹೆಸರಾಗಿಯೇ ಉಳಿಯುತ್ತದೆ. ಇದೆಲ್ಲ ಅವನ ತಲೆಗೆ ಬಂತು, ಬರಲಿಲ್ಲ ಎನ್ನುವಂತಿಲ್ಲ. ಅಲ್ಲೇ ನಿಂತು ಎರಡು ಸಲ ಆಫೀಸಿನ ಬಾಗಿಲನ್ನೂ ಮೂರು ಸಲ ರಸ್ತೆಯನ್ನೂ ನೋಡಿದ. ಕೊನೆಗೆ ಅವನನ್ನು ಒಳಗೆ ನೂಕಿದ್ದು ಧರ್ಮಬುದ್ಧಿಯೇನೂ ಅಲ್ಲ, ಹೆಂಡತಿ ಖಾಲಿ ಬಿಟ್ಟ ತಟ್ಟೆ. ಅವಳು ಹೇಳಿದ್ದನ್ನು ಮಾಡುವವಳೇ ಹೊರತು ಸುಮ್ಮನೆ ಹೆದರಿಸುವವಳಲ್ಲ.

"ತಪ್ಪು ಬಂಕಿನದಲ್ಲ" ಎಂದ, ಬಾಗಿಲಲ್ಲೇ ನಿಂತು. "ನನ್ನ ಬೆಂಡು ಪೆಟ್ರೋಲು ಕುಡಿದಿದೆ. ಮುಳ್ಳು ಕಡಿಮೆ ತೋರಿಸ್ತಿದೆ."

ಸಾಹೇಬರು ಕನ್ನಡಕ ಇಳಿಸಿದರು. "ಅವತ್ತು ನನ್ನ ಮುಳ್ಳು ಸುಳ್ಳು ಹೇಳಲ್ಲ ಅಂದ್ರಲ್ಲ ಮೇಸ್ತ್ರಿ?"

"ಅವತ್ತು ಬಿಚ್ಚಿ ನೋಡಿರಲಿಲ್ಲ."

ಅಷ್ಟರಲ್ಲಿ ಹಿಂದಿನಿಂದ ಅಳಿಯ ಒಂದು ಸ್ಟೂಲು ತಂದು ಇಟ್ಟ. "ಕೂತ್ಕೊಳ್ಳಿ ಮಾವ."

"ಏನಂದೆ ನೀನು?" ಸಾಹೇಬರು ಅಳಿಯನತ್ತ ತಿರುಗಿದರು. "ಮಾವಾನಾ?"

ಮಾಲೀಕ ನಕ್ಕ. "ನಿಮಗೆ ಗೊತ್ತಿಲ್ವಾ ಸಾರ್? ಇವರ ಮಗಳನ್ನೇ ಇವನಿಗೆ ಕೊಟ್ಟಿರೋದು. ಮದುವೆ ಆದಾಗಿನಿಂದ ಮಾವನಿಗೆ ಇವನನ್ನ ಕಂಡ್ರೆ ಆಗಲ್ಲ."

ಸಾಹೇಬರು ಮೇಸ್ತ್ರಿಯನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಮೇಸ್ತ್ರಿ ಅವರಂಥವರನ್ನು ಮೂವತ್ತು ವರ್ಷ ಹೇಗೆ ನೋಡಿಕೊಂಡು ಬಂದಿದ್ದನೋ ಹಾಗೆ.

"ಅಂದ್ರೆ ಅವತ್ತು ದ್ವೇಷಕ್ಕೆ ಹೇಳಿದ್ರಿ, ಇವತ್ತು ನಂಟಿಗೆ ಹೇಳ್ತಿದೀರಿ. ನಿಮ್ಮ ಕೆಲಸದ ಮಾತು ಅಂತ ಹೇಳೋದು ಯಾವತ್ತು?"

ಇಡೀ ಜೀವಮಾನದಲ್ಲಿ ಮೇಸ್ತ್ರಿಯ ಮಾತನ್ನು ಯಾರೂ ತೂಗಿ ನೋಡಿರಲಿಲ್ಲ. ಸುಳ್ಳು ಹೇಳಿದಾಗ ತಲೆಯಾಡಿಸಿ ನಂಬಿದ್ದರು. ಈಗ ನಿಜ ಹೇಳುತ್ತಿದ್ದಾನೆ, ಅಳಿಯನ ಹೊರತು ಕೋಣೆಯಲ್ಲಿ ಒಬ್ಬನೂ ನಂಬುತ್ತಿಲ್ಲ.

"ಕಣ್ಣಾರೆ ನೋಡಿ" ಎಂದ. ಬಾಗಿಲಿನತ್ತ ತಿರುಗಿದ. "ಹೊರಗೆ ಬನ್ನಿ."

ಬಂಕಿನ ಮೂಲೆಯಲ್ಲಿ, ಗಾಡಿಗಳಿಗೆ ಗಾಳಿ ಹಾಕುವ ಜಾಗದಲ್ಲಿ, ಟ್ಯಾಂಕಿನ ಅಡಿಯ ಬೋಲ್ಟು ತೆಗೆದು ಇದ್ದ ಪೆಟ್ರೋಲನ್ನೆಲ್ಲ ಕ್ಯಾನಿಗೆ ಇಳಿಸಿದ. ಸರ್ಕಾರದ ಮುದ್ರೆಯಿದ್ದ ಐದು ಲೀಟರಿನ ಅಳತೆ ಪಾತ್ರೆಯನ್ನು ಅಳಿಯ ತಂದ. ಪಾತ್ರೆ ತುಂಬಿ ಟ್ಯಾಂಕಿಗೆ ಸುರಿದರು, ಒಂದು, ಎರಡು, ಮೂರು, ನಾಲ್ಕು. ಪ್ರತಿ ಪಾತ್ರೆಯೂ ಗೆರೆಗೆ ಸರಿಯಾಗಿತ್ತು. ಸಾಹೇಬರು ಬಗ್ಗಿ ಬಗ್ಗಿ ನೋಡಿದರು. ಕೀ ತಿರುಗಿಸಿದರೆ ಮುಳ್ಳು ಕಾಲು ಭಾಗವನ್ನು ತುಸು ದಾಟಿ ನಿಂತುಬಿಟ್ಟಿತು. ಸೀಟಿನಲ್ಲಿ ಕೂತಿದ್ದ ಸಾಹೇಬರು ಮೀಟರಿನ ಗಾಜನ್ನು ಬೆರಳಿನಿಂದ ತಟ್ಟಿ ನೋಡಿದರು.

ಸರಿಯಾದ ಗುಂಡು ಹಾಕಿ ತೋರಿಸದೆ ಇದು ಮುಗಿಯುವಂತಿರಲಿಲ್ಲ. ಮೇಸ್ತ್ರಿ ಎರಡು ಬೀದಿ ನಡೆದು, ಇಪ್ಪತ್ತು ವರ್ಷದಿಂದ ತಾನು ಉಗಿಯುತ್ತ ಬಂದ ಸ್ಪೇರ್‌ಪಾರ್ಟ್ಸ್ ಅಂಗಡಿಯ ಮುಂದೆ ನಿಂತು ಹಿತ್ತಾಳೆ ಗುಂಡು ಕೇಳಿದ.

"ಯಾರ ಗಾಡಿಗೆ ಮೇಸ್ತ್ರಿ? ಗಿಲಕಿ ಅಂತಿದ್ರಿ?"

"ಕೊಡೋದಾದ್ರೆ ಕೊಡಯ್ಯ."

ಅಂಗಡಿಯವನು ಕೊಟ್ಟ, ಕೊಟ್ಟು ತಾನೂ ನೋಡಲು ಹಿಂದೆಯೇ ಬಂದ. ಅವನ ಹಿಂದೆ ಬ್ಯಾಟರಿಯವನು, ಪಕ್ಕದ ಗ್ಯಾರೇಜಿನ ಇಬ್ಬರು. ಕರೆಯದಿದ್ದರೂ ಬರುವಂಥ ಸಂದರ್ಭ ಅವರಿಗೆ ದಿನಾ ಸಿಗುತ್ತಿರಲಿಲ್ಲ. ಅವರೆಲ್ಲರ ಎದುರಿಗೆ ಮೇಸ್ತ್ರಿ ಆರು ಸ್ಕ್ರೂ ತೆಗೆದು, ಕಪ್ಪು ಬೆಂಡನ್ನು ತಂತಿಯಿಂದ ಕಿತ್ತು ಕೆಳಗಿಟ್ಟು, ಹಿತ್ತಾಳೆ ಗುಂಡು ಸಿಕ್ಕಿಸಿ, ತಂತಿಯನ್ನು ಅದರ ಎತ್ತರಕ್ಕೆ ಒಂಚೂರು ಬಗ್ಗಿಸಿ ಇಳಿಸಿದ. ಕೆಲಸ ಮಾತ್ರ ಅವನಿಗೆ ನಿಜವಾಗಿಯೂ ಬರುತ್ತಿತ್ತು. ಕೀ ತಿರುಗಿಸಿದಾಗ ಮುಳ್ಳು ಮೆಲ್ಲಗೆ ಏರಿ ಅರ್ಧದ ಗೆರೆಯ ಮೇಲೆ ಕೂತಿತು. ಬ್ಯಾಟರಿಯವನು ಬೆಂಡನ್ನು ಎತ್ತಿ ಹಿಂಡಿದ, ಪೆಟ್ರೋಲು ತೊಟ್ಟಿಕ್ಕಿತು, ಎಲ್ಲರೂ ನಕ್ಕರು.

ಸಾಹೇಬರು ದೂರಿನ ಎರಡೂ ಹಾಳೆಯನ್ನು ಹರಿದು ಮಾಲೀಕನ ಕೈಗೆ ಕೊಟ್ಟರು. ಅಳಿಯನ ಹೆಗಲ ಮೇಲೆ ಕೈ ಇಟ್ಟು, "ತಪ್ಪು ತಿಳ್ಕೋಬೇಡಪ್ಪ, ನಾನು ಕೇಳಬಾರದವರ ಮಾತು ಕೇಳಿದೆ" ಎಂದರು. ಕಾರು ಹತ್ತಿದ ಮೇಲೆ ಮೇಸ್ತ್ರಿಗೆ ಹೇಳಿದ್ದು ಇಷ್ಟೇ: "ಇನ್ನು ಮೇಲೆ ಗಾಡಿ ಬೇರೆ ಕಡೆ ಬಿಡ್ತೀನಿ." ಬೇರೆ ಕಡೆ ಬಿಟ್ಟರೆ ಅದನ್ನು ಹಾಳು ಮಾಡಿ ಕೊಡುತ್ತಾರೆಂದು ಮೇಸ್ತ್ರಿಗೆ ಗೊತ್ತಿತ್ತು. ಆದರೆ ಹೇಳುವ ಮುಖ ಇರಲಿಲ್ಲ. ಬೀದಿಯವರು ನಗುತ್ತ ಚದುರಿದರು. ಮಾಲೀಕ ಅಳಿಯನಿಗೆ ಡ್ಯೂಟಿ ಮುಂದುವರಿಸು ಎಂದು ಹೇಳಿ ಒಳಗೆ ಹೋದ.

ಅಲ್ಲಿಗೆ ಮುಗಿಯಿತು ಎಂದುಕೊಂಡು ಮೇಸ್ತ್ರಿ ಸ್ಕ್ರೂಡ್ರೈವರ್ ಜೇಬಿಗೆ ಹಾಕಿ ಹೊರಟ. ಮಗಳು ಎದುರಿಗೆ ನಿಂತಿದ್ದಳು. ಗಂಡನಿಗೆ ಊಟದ ಡಬ್ಬಿ ತಂದವಳು ಎಷ್ಟು ಹೊತ್ತಿನಿಂದ ಅಲ್ಲಿದ್ದಳೋ, ಎಲ್ಲವನ್ನೂ ನೋಡಿದ್ದಳು.

"ಎಲ್ಲಿಗೆ ಹೊರಟ್ರಿ ಅಪ್ಪ?"

"ಶೆಡ್ಡಿಗೆ. ಆಯ್ತಲ್ಲ, ನಿನ್ನ ಗಂಡನ ಕೆಲಸ ಉಳೀತಲ್ಲ."

"ಸಾಹೇಬರಿಗೆ ಹೇಳಿದ್ರಿ, ಓನರ್‌ಗೆ ಹೇಳಿದ್ರಿ. ಇವರಿಗೆ ಏನು ಹೇಳಿದ್ರಿ?"

"ಊರವರ ಮುಂದೆ ಒಪ್ಕೊಂಡೆನಲ್ಲೇ. ಮೂರು ಕಾಸಿನವರೆಲ್ಲ ನೋಡಿ ನಕ್ಕರು. ಇನ್ನೂ ಏನು ಬೇಕು ನಿಂಗೆ?"

"ನೀವು ಒಪ್ಕೊಂಡಿದ್ದು ಬೆಂಡಿನ ತಪ್ಪು. ಬೆಂಡು ಯಾರನ್ನೂ ಕಳ್ಳ ಅಂದಿರಲಿಲ್ಲ. ಅಂದಿದ್ದು ನೀವು."

ಮೇಸ್ತ್ರಿ ಪಂಪಿನ ಕಡೆ ತಿರುಗಿದ. ಅಳಿಯ ಅಳತೆ ಪಾತ್ರೆಯನ್ನು ಒರೆಸಿ ಅದರ ಜಾಗದಲ್ಲಿಡುತ್ತಿದ್ದ. ಅವನನ್ನು ಏನೆಂದು ಕರೆಯಬೇಕೋ ಮೇಸ್ತ್ರಿಗೆ ತಿಳಿಯಲಿಲ್ಲ. ಹೆಸರು ಹಿಡಿದು ಕರೆಯುವಂತಿಲ್ಲ, ಅಳಿಯಂದಿರೇ ಎಂದು ನಾಲಿಗೆ ಹೊರಳುವುದಿಲ್ಲ. ಹತ್ತಿರ ಹೋಗಿ, "ನೋಡಿ..." ಎಂದ. ಅಷ್ಟರಲ್ಲಿ ಒಂದು ವ್ಯಾನು ಬಂದು ಹಾರ್ನ್ ಹಾಕಿತು.

"ಒಂದು ನಿಮಿಷ ಇರಿ ಮಾವ, ಗಿರಾಕಿ ಬಂದ್ರು."

ವ್ಯಾನಿನ ಹಿಂದೆ ಎರಡು ಸ್ಕೂಟರು, ಅದರ ಹಿಂದೆ ಒಂದು ಕಾರು. ಪೈಪಿನ ಹುಡುಗರು ಊಟಕ್ಕೆ ಹೋಗಿದ್ದರಿಂದ ಅಳಿಯನೇ ಒಬ್ಬೊಬ್ಬರಿಗೂ ಪಂಪಿನ ಸೊನ್ನೆ ತೋರಿಸಿ, ನೋಡ್ಕೊಳ್ಳಿ ಸಾರ್ ಎಂದು ಹೇಳಿಯೇ ಪೈಪು ಎತ್ತುತ್ತಿದ್ದ. ಮೇಸ್ತ್ರಿ ಬಿಸಿಲಿನಲ್ಲಿ ನಿಂತಿದ್ದ. ಹೊರಟುಬಿಡಬಹುದಿತ್ತು. ಮಗಳು ಡಬ್ಬಿ ಹಿಡಿದುಕೊಂಡು ಕಣ್ಣು ಕೀಳದೆ ನೋಡುತ್ತಿದ್ದಳು. ಕಾರು ಹೋಗುವಷ್ಟರಲ್ಲಿ ಇನ್ನೂ ಮೂರು ಸ್ಕೂಟರು ಬಂದು ಸಾಲು ಹಿಡಿದವು. ಅಳಿಯ ಅವರಿಗೆ ಕೈ ಸನ್ನೆಯಲ್ಲಿ ತಾಳಿ ಎಂದು ಹೇಳಿ, ಕೈ ಒರೆಸಿಕೊಳ್ಳುತ್ತ ಬಂದು ಮಾವನ ಎದುರಿಗೆ ನಿಂತ.

"ಹೇಳಿ ಮಾವ."

ಮೇಸ್ತ್ರಿ ಹೇಳಿದ. ಅಳಿಯನ ಅಂಗಿಯ ಗುಂಡಿಗೆ ಮಾತ್ರ ಕೇಳಿಸುವಷ್ಟು ಮೆಲ್ಲಗೆ ಹೇಳಿದ.

"ಕೇಳಿಸಲಿಲ್ಲ ಅಪ್ಪ" ಎಂದಳು ಮಗಳು, ಇದ್ದಲ್ಲಿಂದಲೇ.

ಮೇಸ್ತ್ರಿ ತಲೆ ಎತ್ತಿದ. ಆರು ವರ್ಷದಲ್ಲಿ ಮೊದಲ ಸಲ ಅಳಿಯನ ಮುಖವನ್ನು ನೇರವಾಗಿ ನೋಡಿ, ಸಾಲಿನಲ್ಲಿದ್ದ ಮೂವರೂ ತಿರುಗಿ ನೋಡುವಂತೆ ಗಟ್ಟಿಯಾಗಿ ಹೇಳಿದ: "ನಿಮ್ಮನ್ನ ಕಳ್ಳ ಅಂದೆ. ನೀವು ಕಳ್ಳರಲ್ಲ ಅಂತ ಅವತ್ತೂ ನಂಗೆ ಗೊತ್ತಿತ್ತು."